ಮುಳ್ಳಯ್ಯನಗಿರಿಗಿಂತ ಗಿಡ್ಡ ಬೆಟ್ಟಕ್ಕೆ ಇಷ್ಟೊಂದು ಹೆದರಿಕೆ ಯಾಕೆ?

ಪ್ರಶ್ನೆ: ಕೆನಡಾದ ಮೌಂಟ್ ಥಾರ್ ಎತ್ತರ ಬರೀ 1,675 ಮೀಟರ್ ಅಂತ ಓದಿದೆ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಕಡಿಮೆ! ಅದನ್ನು ಹತ್ತುವುದು ಅಷ್ಟು ಕಷ್ಟ ಅಂತಾರಲ್ಲ, ಯಾಕೆ? ನಮ್ಮಂಥವರು ಹೋಗಬಹುದಾ?

ಉತ್ತರ: ಹೋಗಬಹುದು, ಬುಡದವರೆಗೆ. ಅದೇ ಸಾಕಷ್ಟು ದೊಡ್ಡ ಸಾಹಸ.

ಥಾರ್‌ನ ಪಶ್ಚಿಮದ ಗೋಡೆ ಸುಮಾರು 1,250 ಮೀಟರಿನ ಒಂದೇ ಗ್ರಾನೈಟ್ ಪ್ರಪಾತ. ಅದು ನೆಟ್ಟಗೂ ನಿಂತಿಲ್ಲ, ಸರಾಸರಿ 105 ಡಿಗ್ರಿಯಲ್ಲಿ ಮುಂದಕ್ಕೆ ಬಾಗಿದೆ. ಲೆಕ್ಕ ಹಾಕಿ ನೋಡಿ: ತುದಿಯಿಂದ ಕೈಬಿಟ್ಟ ಕಲ್ಲು ಗೋಡೆಗೆ ತಾಗದೆ, ಬುಡದಿಂದ ಮುನ್ನೂರು ಮೀಟರಿಗೂ ಆಚೆ ಬೀಳಬೇಕು. ಇಂಥ ಕಡೆ ಸಾಕಪ್ಪಾ ಅನಿಸಿದರೂ ಹಗ್ಗ ಇಳಿಬಿಟ್ಟು ಸುಮ್ಮನೆ ಇಳಿಯಲಾಗದು. ಹಗ್ಗದಲ್ಲಿ ನೇತಾಡುವವನ ಕಾಲಿಗೆ ಬಂಡೆಯೇ ಸಿಗುವುದಿಲ್ಲ. 1985ರಲ್ಲಿ ಅಮೆರಿಕದ ತಂಡವೊಂದು ಈ ಗೋಡೆಯನ್ನು ಮೊದಲ ಸಲ ಹತ್ತಿತು. ಹಿಡಿದದ್ದು 33 ದಿನ.

ಆದರೆ ಶಿಖರ ಮುಟ್ಟಲು ಗೋಡೆಯನ್ನೇ ಹತ್ತಬೇಕೆಂದಿಲ್ಲ. 1965ರಲ್ಲೇ ಲೈಮನ್ ಸ್ಪಿಟ್ಜರ್ ಮತ್ತು ಡೊನಾಲ್ಡ್ ಮಾರ್ಟನ್ ಬೇರೆ ದಾರಿಯಿಂದ ತುದಿ ತಲುಪಿದ್ದರು. ಹೌದು, ನಾಸಾದ ಬಾಹ್ಯಾಕಾಶ ದೂರದರ್ಶಕವೊಂದಕ್ಕೆ ಯಾರ ಹೆಸರಿಟ್ಟಿದ್ದಾರೋ ಆ ಖಗೋಳ ವಿಜ್ಞಾನಿ ಸ್ಪಿಟ್ಜರ್ ಅವರೇ!

ನನ್ನ ಮಟ್ಟಿಗೆ ಗೋಡೆಗಿಂತ ದಾರಿಯೇ ದೊಡ್ಡ ತಡೆ. ಥಾರ್ ಇರುವುದು ಉತ್ತರ ಧ್ರುವದ ಕಡೆಗಿರುವ ಬ್ಯಾಫಿನ್ ದ್ವೀಪದ ಆಯುಯಿತ್ತುಕ್ ರಾಷ್ಟ್ರೀಯ ಉದ್ಯಾನದಲ್ಲಿ. ಹತ್ತಿರದ ಊರು ಪ್ಯಾಂಗ್ನಿರ್ಟಂಗ್‌ಗೆ ಹೊರಗಿನಿಂದ ರಸ್ತೆಯಿಲ್ಲ, ವಿಮಾನವೇ ಗತಿ. ಅಲ್ಲಿಂದ ಥಾರ್ ಇರುವ ಕಣಿವೆಯ ಬಾಯಿಗೆ ಬೇಸಿಗೆಯಲ್ಲಿ ದೋಣಿ, ಚಳಿಗಾಲದಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲ್. ಕಡಲ ಮೇಲಿನ ಮಂಜುಗಡ್ಡೆ ಒಡೆಯುವ ಮತ್ತು ನೀರು ಹೆಪ್ಪುಗಟ್ಟುವ ದಿನಗಳಲ್ಲಿ ಎರಡೂ ಇಲ್ಲ. ಆಮೇಲೆ ನಡಿಗೆ. ದಾರಿಯಲ್ಲಿ ಮರ ಅನ್ನುವುದೇ ಇಲ್ಲ, ಗಾಳಿಗೆ ಮರೆಯೂ ಕಡಿಮೆ.

ಈ ನಡಿಗೆಯಲ್ಲಿ ಹುಷಾರಾಗಿರಬೇಕಾದದ್ದು ಹಳ್ಳಗಳ ಬಗ್ಗೆ. ಹಿಮನದಿಯಿಂದ ಬರುವ ನೀರು ಕಲ್ಲಿನ ಹಿಟ್ಟು ಕಲಸಿಕೊಂಡು ಬೂದಿ ಬಣ್ಣಕ್ಕಿರುತ್ತದೆ. ಮೊಣಕಾಲುದ್ದವೋ ಸೊಂಟದುದ್ದವೋ ಕಾಲಿಟ್ಟ ಮೇಲೆಯೇ ಗೊತ್ತು. ಬಿಸಿಲೇರಿದಂತೆ ಹಿಮ ಕರಗಿ, ಬೆಳಿಗ್ಗೆ ದಾಟಿದ ಹಳ್ಳ ಸಂಜೆ ದಾಟಲಾಗದಷ್ಟು ಉಬ್ಬಿರುತ್ತದೆ. ಹಾಗಾಗಿ ಮುಂಜಾನೆಯೇ ದಾಟಬೇಕು. ನೀರು ಕವಲೊಡೆದು ಅಗಲವಾಗಿ ಹರಿಯುವ ಜಾಗ ನೋಡಿಕೊಳ್ಳಿ. ಕಿರಿದಾದ ಜಾಗ ಹತ್ತಿರ ಕಂಡರೂ ಆಳ, ಸೆಳೆತ ಎರಡೂ ಅಲ್ಲೇ ಜಾಸ್ತಿ. ನೀರಿಗಿಳಿಯುವ ಮೊದಲು ಬೆನ್ನುಚೀಲದ ಸೊಂಟಪಟ್ಟಿ ಬಿಚ್ಚಿಡಿ. ಕಾಲು ಜಾರಿದರೆ ಚೀಲ ಹೋಗಲಿ, ನೀವು ಉಳಿಯಿರಿ.

ಹಿಮಕರಡಿಗಳೂ ಇವೆ. ಅದಕ್ಕೇ ಹೊರಡುವ ಮುನ್ನ ಉದ್ಯಾನದ ಕಚೇರಿಯಲ್ಲಿ ಹೆಸರು ಬರೆಸಿ, ಅವರು ಹೇಳುವ ಸುರಕ್ಷತಾ ಪಾಠ ಕೇಳುವುದು ಕಡ್ಡಾಯ. ವಾಪಸ್ ಬಂದ ಮೇಲೆ ಬಂದಿದ್ದೇವೆ ಅಂತ ಹೇಳುವುದನ್ನೂ ಮರೆಯಬೇಡಿ.