ರೇಡಿಯೊದಾಗ ನಮ್ಮ ಮಾತು: ಕಲಬುರಗಿ ನಿಲಯದ ಒಂದು ದಿನ ಮತ್ತು ಅದರ ಹಿಂದಿನ ದಾರಿ

ನಮ್ಮ ಮನೆಯಲ್ಲಿ ಹೊತ್ತು ಗೊತ್ತಾಗುತ್ತಿದ್ದುದು ರೇಡಿಯೊದಿಂದ. ಸಂಸ್ಕೃತ ವಾರ್ತೆ ಶುರುವಾಯಿತೆಂದರೆ 6.55. ಅವ್ವ ಹೆಂಡಿಕಸ ಮುಗಿಸಿ ಕೈ ತೊಳೆದು ಒಲೆ ಮುಂದೆ ಕೂತಿರುತ್ತಿದ್ದಳು. ದಿಲ್ಲಿಯ ಕನ್ನಡ ವಾರ್ತೆ 7.35ಕ್ಕೆ, ಅದು ಮುಗಿಯುವುದರೊಳಗೆ ನಾವು ಪಾಟಿಚೀಲ ಹೆಗಲಿಗೆ ಹಾಕಿರಬೇಕು. ಮಧ್ಯಾಹ್ನ ಹೆಣ್ಣುಮಕ್ಕಳ ಕಾರ್ಯಕ್ರಮದ ಹೊತ್ತಿಗೆ ಅವ್ವನ ಮೊರದಲ್ಲಿ ತೊಗರಿಬೇಳೆ. ಸಂಜೆ ದೀಪ ಹಚ್ಚುವಾಗ ರೈತರ ಕಾರ್ಯಕ್ರಮ, ಪೇಟೆ ಧಾರಣೆ, ಹವಾಮಾನ. ರಾತ್ರಿ 9ಕ್ಕೆ ಇಂಗ್ಲಿಷ್ ವಾರ್ತೆ ಬಂದರೆ ಕಾಕಾ ಸೆಟ್ಟು ಬಂದ್ ಮಾಡುತ್ತಿದ್ದರು. ಸೆಲ್ಲು ಉಳಿಯಬೇಕಲ್ಲ. ಶಕ್ತಿ ಕುಂದಿದ ಸೆಲ್ಲುಗಳನ್ನು ಮಾಳಿಗೆ ಮೇಲೆ ಬಿಸಿಲಿಗಿಟ್ಟು ಇನ್ನೆರಡು ದಿನ ಓಡಿಸುವ ವಿದ್ಯೆ ಆಗ ಎಲ್ಲರಿಗೂ ಬರುತ್ತಿತ್ತು.

ಇಷ್ಟು ಬಗೆಯ ಮಾತು ಒಂದೇ ದಿನ, ಒಂದೇ ನಿಲಯದಿಂದ ಕೇಳಿಬರುವುದು ಸೂರ್ಯ ಹುಟ್ಟಿದಷ್ಟೇ ಸಹಜ ಅಂದುಕೊಂಡಿದ್ದೆವು. ಆದರೆ ಆ ದಿನವನ್ನು ಯಾರೋ ಕೂತು ಕಟ್ಟಿದ್ದರು. ಅದರ ಒಂದೊಂದು ತುಂಡೂ ಒಂದೊಂದು ಕಡೆಯಿಂದ ಬಂದದ್ದು: ಒಂದು ಲಂಡನ್ನಿನಿಂದ, ಒಂದು ದಿಲ್ಲಿಯಿಂದ, ಒಂದು ಹೈದರಾಬಾದಿನಿಂದ. ಕಲಬುರಗಿಯದೇ ಆದ ತುಂಡು ಎಲ್ಲಕ್ಕಿಂತ ತಡವಾಗಿ ಸೇರಿತು. ಜಿಲ್ಲೆಯ ನಿಲಯಕ್ಕೆ ತನ್ನದೇ ದಿನಚರಿ ಬೇಕೇ, ರಾಜಧಾನಿಯ ಕಾರ್ಯಕ್ರಮವನ್ನೇ ಮರುಪ್ರಸಾರ ಮಾಡಿದರೆ ಸಾಲದೇ ಎಂದು ಕೇಳುವವರು ಈಗ ಇದ್ದಾರೆ. ಅವರಿಗೆ ಉತ್ತರ ಹೇಳಬೇಕಾದರೆ ಈ ತುಂಡು ಹೇಗೆ ಬಂತೆಂಬುದು ತಿಳಿದಿರಬೇಕು.

ನಮ್ಮ ಭಾಗದ ರೇಡಿಯೊ ಕಥೆ ಮೈಸೂರಿನಿಂದಾಗಲಿ ಬೆಂಗಳೂರಿನಿಂದಾಗಲಿ ಶುರುವಾಗುವುದಿಲ್ಲ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರ ಕೇಂದ್ರ ನಡೆಸತೊಡಗಿದರು. ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದ ಬಂದದ್ದು. ಅದೇ ವರ್ಷ ಹೈದರಾಬಾದಿನ ರೇಡಿಯೊವನ್ನು ನಿಜಾಮರ ಸರ್ಕಾರ ತನ್ನ ಕೈಗೆ ತೆಗೆದುಕೊಂಡಿತು. ಕಲಬುರಗಿ, ಬೀದರ್, ಆಗ ಕಲಬುರಗಿ ಜಿಲ್ಲೆಯೊಳಗೇ ಇದ್ದ ಯಾದಗಿರಿ, ಎಲ್ಲವೂ ನಿಜಾಮರ ಸೀಮೆ. ಆಡಳಿತದ ಭಾಷೆ ಉರ್ದು, ರೇಡಿಯೊದ ಮೊದಲ ಭಾಷೆಯೂ ಉರ್ದು. 1948ರ ಸೆಪ್ಟೆಂಬರ್ 17ರ ಸಂಜೆ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಕದನ ನಿಲ್ಲಿಸಿದ್ದನ್ನು ಪ್ರಜೆಗಳಿಗೆ ಹೇಳಿದ್ದು ಹೈದರಾಬಾದಿನ ರೇಡಿಯೊದಲ್ಲೇ. ಕಲ್ಯಾಣ ಕರ್ನಾಟಕ ಉತ್ಸವ ಅಂತ ನಾವು ಪ್ರತಿ ವರ್ಷ ಧ್ವಜ ಹಾರಿಸುವ ದಿನ ಅದು. ಆ ಸುದ್ದಿ ಈ ನೆಲದ ಒಕ್ಕಲಿಗನಿಗೆ ಅವನ ಮಾತಿನಲ್ಲಿ ತಲುಪಿದ್ದು ರೇಡಿಯೊದಿಂದಲ್ಲ, ಊರಿಂದ ಊರಿಗೆ, ಬಾಯಿಂದ ಬಾಯಿಗೆ.

1950ರಲ್ಲಿ ಹೈದರಾಬಾದಿನ ಡೆಕ್ಕನ್ ರೇಡಿಯೊ ಭಾರತದ ಆಕಾಶವಾಣಿಯಲ್ಲಿ ಸೇರಿತು. ಅದೇ ವರ್ಷ ಧಾರವಾಡ ನಿಲಯ ಹುಟ್ಟಿತು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಬಂದೆವು, ಆದರೆ ರೇಡಿಯೊದಲ್ಲಿ ನಮ್ಮ ನಿಲಯ ಅಂತ ಒಂದಕ್ಕೆ ಇನ್ನೂ ಹತ್ತು ವರ್ಷ ಕಾಯಬೇಕಾಯಿತು. ಧಾರವಾಡದ ಕನ್ನಡ ಚೆಂದ, ನಮಗೆ ಹತ್ತಿರದ್ದೂ ಹೌದು. ಆದರೂ ‘ಮಾಡಾಕತ್ತಾರ’ ಬೇರೆ, ನಮ್ಮ ‘ಮಾಡ್ಲತ್ತಾರ’ ಬೇರೆ.

ಇಡೀ ದೇಶದ ರೇಡಿಯೊ ದಿನದ ನಕ್ಷೆ ಬರೆದವರಿಗೆ ಈ ವ್ಯತ್ಯಾಸ ಕಾಣುವಂತಿರಲಿಲ್ಲ. ಬಿಬಿಸಿಯಿಂದ ಬಂದ ಲಯೊನೆಲ್ ಫೀಲ್ಡನ್ ಕಾಲದಲ್ಲಿ, 1936ರಲ್ಲಿ, ಇಂದಿನ ಆಕಾಶವಾಣಿಗೆ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಿತ್ತು. ತಿಳಿವಳಿಕೆ ಕೊಡಬೇಕು, ಕಲಿಸಬೇಕು, ಮನಸ್ಸನ್ನೂ ತಣಿಸಬೇಕು ಎಂಬ ಬಿಬಿಸಿಯ ಧೋರಣೆಯೂ ಅದರೊಂದಿಗೇ ಬಂತು. ಬ್ರಿಟನ್ ಮುಂದೆ 1967ರಲ್ಲಿ ಮಾತಿಗಾಗಿಯೇ ರೇಡಿಯೊ 4 ಎಂಬ ವಾಹಿನಿ ತೆರೆದು ಸಂಗೀತವನ್ನು ಬೇರೆ ವಾಹಿನಿಗಳಿಗೆ ಹಂಚಿತು. ನಮ್ಮಲ್ಲಿ ಹಾಗೆ ಮಾಡಲಿಲ್ಲ. ಚಿಂತನ, ವಾರ್ತೆ, ನಾಟಕ, ಶಾಸ್ತ್ರೀಯ ಸಂಗೀತ, ರೈತರಿಗೆ ಸಲಹೆ ಎಲ್ಲ ಒಂದೇ ಸೂರಿನಡಿ ಉಳಿದವು. ಸಿನಿಮಾ ಹಾಡು ಮಾತ್ರ ಸ್ವಲ್ಪ ಕಾಲ ಹೊರಗೆ ನಿಂತಿತು. 1952ರಿಂದ ಪ್ರಸಾರ ಖಾತೆ ನೋಡಿಕೊಂಡ ಬಿ.ವಿ. ಕೇಸ್ಕರ್ ಚಿತ್ರಗೀತೆಗಳಿಗೆ ಬಾಗಿಲು ಹಾಕಿದರು, ಕೇಳುಗರು ಶ್ರೀಲಂಕಾದ ರೇಡಿಯೊ ಸಿಲೋನಿಗೆ ಹೋದರು, 1957ರಲ್ಲಿ ವಿವಿಧ ಭಾರತಿ ತೆರೆದು ಅವರನ್ನು ಮರಳಿ ಕರೆಯಬೇಕಾಯಿತು. ಹಾರ್ಮೋನಿಯಂ ಮೇಲಿನ ನಿಷೇಧ ಅದಕ್ಕಿಂತ ಹಳೆಯದು, 1940ರದು. ಅದು ಸಡಿಲವಾದದ್ದು 1971ರಲ್ಲಿ. ಪೇಟಿ ಇಲ್ಲದೆ ಭಜನೆ ಏಳದ, ಬಯಲಾಟ ಶುರುವಾಗದ ನಾಡಿನಲ್ಲಿ ನಿಲಯ ತೆರೆದಾಗ ಆ ನಿಯಮ ಇನ್ನೂ ಜಾರಿಯಲ್ಲಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕಲಬುರಗಿ ನಿಲಯ ಶುರುವಾದದ್ದು 1966ರಲ್ಲಿ. ಆ ವರ್ಷ ಮುಖ್ಯ. ದೇಶದಲ್ಲಿ ಮೇಲಿಂದ ಮೇಲೆ ಎರಡು ಬರ ಬಿದ್ದ ಕಾಲ, ಹೊಸ ಬೀಜ ಗೊಬ್ಬರ ಹಳ್ಳಿಗೆ ಹೋಗಬೇಕೆಂಬ ಅವಸರದ ಕಾಲ. ಆಕಾಶವಾಣಿಯ ನಿಲಯಗಳಲ್ಲಿ ಕೃಷಿ ಮತ್ತು ಗೃಹ ವಿಭಾಗಗಳನ್ನು ತೆರೆಯತೊಡಗಿದ್ದೂ ಆಗಲೇ. ಅದಕ್ಕೆ ಹತ್ತು ವರ್ಷ ಮುಂಚೆ, 1956ರಲ್ಲಿ, ಪುಣೆಯ ಸುತ್ತಿನ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆದಿತ್ತು. ಹಳ್ಳಿಯವರು ಒಟ್ಟಾಗಿ ಕೂತು ರೇಡಿಯೊ ಕೇಳುವುದು, ಕೇಳಿದ್ದನ್ನು ಚರ್ಚಿಸುವುದು, ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ಅಂದರೆ ಮಾತು ಎರಡೂ ಕಡೆಯಿಂದ ಹರಿಯಬೇಕು. ನನ್ನ ಲೆಕ್ಕದಲ್ಲಿ ಭಾರತದ ರೇಡಿಯೊ ಮಾಡಿದ ದೊಡ್ಡ ಶೋಧ ಇದೇ.

ಆ ಎರಡನೇ ಕಡೆಯ ಮಾತು ಹೇಗಿರುತ್ತದೆಂದು ನಾನು ಕಂಡದ್ದು ಕಾಕಾನಿಂದ. ತೊಗರಿ ಬಗ್ಗೆ ಮಾತಾಡಲು ಅವರನ್ನು ಧ್ವನಿಮುದ್ರಣಕ್ಕೆ ಕರೆದಿದ್ದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಟೊಪ್ಪಿಗೆ. ಬರೀ ಮಾತು ಕೇಳುವವರಿಗೆ ಇದೇನೂ ಕಾಣುವುದಿಲ್ಲ ಅಂದರೂ ಕೇಳಲಿಲ್ಲ. ಪ್ರಸಾರದ ದಿನ ಅಂಗಳದಲ್ಲಿ ಇಪ್ಪತ್ತು ಜನ ಕೂಡಿದ್ದರು. ರೇಡಿಯೊದಲ್ಲಿ ಕಾಕಾ, ಪುಸ್ತಕದ ಕನ್ನಡದಲ್ಲಿ: ‘ನಾವು ಕೀಟನಾಶಕವನ್ನು ಸಿಂಪಡಿಸುತ್ತೇವೆ.’ ಅಂಗಳದವರೆಲ್ಲ ಅವರ ಮುಖ ನೋಡಿದರು. ಅದು ಅವರ ಮಾತೇ ಆಗಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದವರು ಜಾಣರು. ‘ಎಣ್ಣಿ ಹೊಡೆಯೂಕಿಂತ ಮೊದಲ ನಿಮ್ಮ ಹಿರಿಯರು ಏನ್ ಮಾಡ್ತಿದ್ರಿ, ಯಜಮಾನ್ರ?’ ಎಂದರು. ಎಣ್ಣಿ ಅಂದರೆ ನಮ್ಮ ಕಡೆ ಕೀಟನಾಶಕ. ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಕಾ ಬಿಚ್ಚಿಕೊಂಡರು: ‘ಬುಡಕ ಚಾದರ ಹಾಸಿ ಗಿಡ ಜಾಡಸ್ತಿದ್ವಿರಿ. ಹುಳ ಪಟಪಟ ಉದುರ್ತಾವ. ಈಗೂ ನಾ ಹಂಗೇ ಮಾಡ್ಲತ್ತೀನಿ.’ ಅಂಗಳದಲ್ಲಿ ಒಬ್ಬರು ‘ಹಾಂ, ಈಗ ಬಂದ್ರು ನೋಡ್ರಿ’ ಅಂದರು. ಕಾಯಿಕೊರಕ ಹುಳಕ್ಕೆ ಗಿಡ ಜಾಡಿಸುವ ಈ ನಮ್ಮ ಭಾಗದ ಪದ್ಧತಿಯನ್ನು ಹೈದರಾಬಾದ್ ಹತ್ತಿರದ ಪಟಾಂಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ವಿಜ್ಞಾನಿಗಳೂ ಶಿಫಾರಸು ಮಾಡಿದ್ದಾರೆ. ಅಂಥ ತಿಳಿವಳಿಕೆ ‘ಸಿಂಪಡಿಸುತ್ತೇವೆ’ ಎಂಬ ಭಾಷೆಯಲ್ಲಿ ಹೊರಗೆ ಬರುವುದೇ ಇಲ್ಲ.

ಇನ್ನೊಂದು ಬೆಳಗು ಮರೆಯಲಾರೆ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿದ ರಾತ್ರಿ ಕಳೆದು ನಸುಕಿನ ನಾಲ್ಕಕ್ಕೆ ಇನ್ನೇನು ನಾಲ್ಕು ನಿಮಿಷ ಇರುವಾಗ ನೆಲ ನಡುಗಿತು. ಮಕ್ಕಳನ್ನು ಎತ್ತಿಕೊಂಡು ಎಲ್ಲರೂ ಬಯಲಿಗೆ ಬಂದೆವು. ಯಾರಿಗೂ ಒಳಗೆ ಹೋಗುವ ಧೈರ್ಯವಿಲ್ಲ. ಕಾಕಾ ಒಬ್ಬರೇ ಒಳಹೋಗಿ ತಂದದ್ದು ರೇಡಿಯೊ. ಪ್ರಸಾರ ಶುರುವಾಗುವವರೆಗೆ ಬರೀ ಕರಕರ ಸದ್ದು. ಆಳಂದದ ಆಚೆ, ಗಡಿ ದಾಟಿದರೆ ಮಹಾರಾಷ್ಟ್ರದಲ್ಲಿರುವ ಕಿಲ್ಲಾರಿ ನೆಲಸಮವಾಗಿದೆ ಎಂದು ಆ ದಿನ ವಾರ್ತೆಯಲ್ಲಿ ಕೇಳಿದಾಗ, ಬೀಗರು ಅತ್ತ ಇದ್ದವರ ಮನೆಗಳಲ್ಲಿ ಅಳು ಎದ್ದಿತು.

ಒಂದೇ ನಿಲಯದಲ್ಲಿ ಉರ್ದುವಿಗೂ ಜಾಗ, ಕಡಕೋಳ ಮಡಿವಾಳಪ್ಪನವರ ತತ್ವಪದಕ್ಕೂ ಜಾಗ ಸಿಕ್ಕದ್ದು ಈ ನೆಲಕ್ಕೆ ತಕ್ಕುದಾಗಿಯೇ ಇತ್ತು. ಬಂದೇನವಾಜರ ದರ್ಗಾಕ್ಕೂ ಶರಣಬಸವೇಶ್ವರರ ಗುಡಿಗೂ ಒಂದೇ ಜನ ನಡೆಯುವ ಊರು ಇದು. 2014ರ ನವೆಂಬರಿನಲ್ಲಿ ಗುಲ್ಬರ್ಗ ಹೋಗಿ ಕಲಬುರಗಿ ಬಂದಾಗ ನಿಲಯದ ಹೆಸರೂ ಬದಲಾಯಿತು. ನಮ್ಮೂರ ಮುದುಕಿಯರಿಗೆ ಅದರಲ್ಲಿ ಹೊಸದೇನೂ ಇರಲಿಲ್ಲ. ಅವರು ಎಂದೂ ಗುಲ್ಬರ್ಗ ಅಂದವರೇ ಅಲ್ಲ.

ಗಾಳಿಯ ತರಂಗಗಳು ಜನರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು. 1997ರಲ್ಲಿ ಆಕಾಶವಾಣಿಯನ್ನು ನಡೆಸುವ ಸ್ವಾಯತ್ತ ಸಂಸ್ಥೆ ಪ್ರಸಾರ ಭಾರತಿ ಬಂತು, ಆಮೇಲೆ ಖಾಸಗಿ ಎಫ್‌ಎಂ. ಅವು ಹಾಡಿನವು. ಸ್ವಂತ ವಾರ್ತೆ ಮಾಡಲು ಅವುಗಳಿಗೆ ಅನುಮತಿಯಿಲ್ಲ, ಬೇಕಾದರೆ ಆಕಾಶವಾಣಿಯ ವಾರ್ತೆಯನ್ನೇ ಹಾಕಿಕೊಳ್ಳಬಹುದು. ಹೀಗಾಗಿ ಜಿಲ್ಲೆಯ ಕಷ್ಟಸುಖವನ್ನು ಮಾತಿನಲ್ಲಿ ಹೇಳುವ ಹೊಣೆ ಇವತ್ತಿಗೂ ಹೆಚ್ಚುಕಡಿಮೆ ಆಕಾಶವಾಣಿಯದೇ.

ಇಲ್ಲಿ ತಂತ್ರದ ಮಾತು ಒಂದಿದೆ. ಕಲಬುರಗಿ ನಿಲಯದ 1107 ಕಿಲೋಹರ್ಟ್ಸ್ ಮಧ್ಯಮ ತರಂಗದ್ದು. ಆ ತರಂಗ ನೆಲಕ್ಕೆ ಅಂಟಿಕೊಂಡು ಹೋಗುತ್ತದೆ, ಗುಡ್ಡ ತಗ್ಗು ಲೆಕ್ಕಿಸುವುದಿಲ್ಲ, ಜಿಲ್ಲೆ ದಾಟುತ್ತದೆ. ಎಫ್‌ಎಂ ಸದ್ದು ಶುದ್ಧ, ಆದರೆ ಅದು ಕಣ್ಣಳತೆಯ ದೂರದ್ದು, ಗೋಪುರದಿಂದ ದೂರವಾದಂತೆ ಸೋಲುತ್ತದೆ. ಮಧ್ಯಮ ತರಂಗ ಹಳೆಯದಾಯಿತೆಂದು ಬಿಟ್ಟರೆ ಮೊದಲು ಕಿವಿ ಕಳೆದುಕೊಳ್ಳುವುದು ಚಿಂಚೋಳಿಯ ಕಾಡಂಚಿನ ತಾಂಡಾ, ಯಾದಗಿರಿಯ ಭೀಮಾ ದಂಡೆಯ ಹಳ್ಳಿ.

ಮೊಬೈಲ್ ಆ್ಯಪ್ ಇದೆಯಲ್ಲ ಎನ್ನುತ್ತಾರೆ. ಇದೆ, ಒಳ್ಳೆಯದೂ ಹೌದು. ಕಾಕಾನ ಮೊಮ್ಮಗ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಾನೆ. ಸಂಜೆ ಕೈಕಾಲು ತೊಳೆದು, ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯುವಾಗ ಫೋನಿನಲ್ಲಿ ಕಲಬುರಗಿ ನಿಲಯ ಹಚ್ಚುತ್ತಾನೆ. ಊರಲ್ಲಿ ಅಪ್ಪ ಬಿತ್ತಿದ ನಾಲ್ಕು ಎಕರೆ ತೊಗರಿ ಇದೆ. ಕಳೆದ ಸಲ ಫೋನು ಮಾಡಿದಾಗ ಅವನು ಮಾತು ನಡುವೆ ತಡೆದು ‘ಒಂದ್ ನಿಮಿಷ ನಿಂದರ್ರಿ ಅಣ್ಣಾ, ತೊಗರಿ ರೇಟು ಹೇಳ್ಲತ್ತಾರ’ ಅಂದ. ನಾನೂ ಸುಮ್ಮನಾದೆ. ಶೆಡ್ಡಿನ ಸದ್ದಿನ ನಡುವೆ ಧಾರಣೆ ಓದುವ ಹೆಣ್ಣುಮಗಳ ದನಿ ನನಗೂ ಕೇಳಿಸಿತು.