ಹಾಜರಿ ಪುಸ್ತಕದಲ್ಲಿ ಬರೆಯದ ಕಾರಣಗಳು

ಕಡಿಮೆ ಆದಾಯದ ಬಡಾವಣೆಗಳ ಶಾಲೆಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿ ದುಡಿಯುವ ನಾನು ಯಾವ ಶಾಲೆಗೆ ಹೋದರೂ ಮೊದಲು ನೋಡುವುದು ಹಾಜರಿ ಪುಸ್ತಕವನ್ನು. ಅಂಕಪಟ್ಟಿ ವರ್ಷದ ಕೊನೆಗೆ ಹೇಳುವುದನ್ನು ಅದು ಬಹುಪಾಲು ಎರಡನೆಯ ತಿಂಗಳಿಗೇ ಹೇಳಿರುತ್ತದೆ. ಶಾಲಾ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ ಅದನ್ನು ದೀರ್ಘಕಾಲದ ಗೈರುಹಾಜರಿ ಎಂದು ಪರಿಗಣಿಸುವುದು ಹಲವೆಡೆ ರೂಢಿಯಲ್ಲಿದೆ. 180 ದಿನಗಳ ವರ್ಷಕ್ಕೆ ಲೆಕ್ಕ ಹಾಕಿದರೆ ಅದು 18 ದಿನ, ತಿಂಗಳಿಗೆ ಸುಮಾರು ಎರಡು ದಿನ. ಅಷ್ಟು ಸಣ್ಣದಾಗಿರುವುದರಿಂದಲೇ ಅದು ಯಾರ ಗಮನಕ್ಕೂ ಬರುವುದಿಲ್ಲ.

ಒಮ್ಮೆ ಐದನೆಯ ತರಗತಿಯ ಪುಸ್ತಕ ತಿರುವುತ್ತಿದ್ದಾಗ ಒಬ್ಬ ಹುಡುಗಿಯ ಗೈರುಗಳೆಲ್ಲ ಸೋಮವಾರವೇ ಬಿದ್ದಿರುವುದು ಕಂಡಿತು. ಅವಳಿಗೆ ಓದಿನಲ್ಲಿ ಆಸಕ್ತಿಯಿಲ್ಲವೆಂದು ಶಿಕ್ಷಕರು ತೀರ್ಮಾನಿಸಿಬಿಟ್ಟಿದ್ದರು, ಮನೆಗೆ ಮೂರು ಸಲ ಎಚ್ಚರಿಕೆಯ ಚೀಟಿಯೂ ಹೋಗಿತ್ತು. ನಿಜವಾದ ಕಾರಣ ಗೊತ್ತಿದ್ದದ್ದು ಪಕ್ಕದ ಮನೆಯ ಅಜ್ಜಿಗೆ: ಆ ದಿನ ತಾಯಿ ನಸುಕಿಗೇ ಕೆಲಸಕ್ಕೆ ಹೊರಡಬೇಕಾಗಿದ್ದರಿಂದ ಎರಡು ವರ್ಷದ ತಮ್ಮನನ್ನು ಈ ಹುಡುಗಿಯೇ ನೋಡಿಕೊಳ್ಳುತ್ತಿದ್ದಳು. ನೆರವು ಕೇಳಲು ತಾಯಿಗೆ ಸಂಕೋಚ, ತಾವಾಗಿಯೇ ಮುಂದೆ ಬರಲು ಅಜ್ಜಿಗೂ ಸಂಕೋಚ. ಇಬ್ಬರನ್ನೂ ಕೂರಿಸಿ ಮಾತಾಡಿಸಿದ ಮೇಲೆ ಸೋಮವಾರದ ಬೆಳಗಿನಲ್ಲಿ ಮಗು ಅಜ್ಜಿಯ ಮಡಿಲಲ್ಲಿತ್ತು, ಹುಡುಗಿ ತರಗತಿಯಲ್ಲಿದ್ದಳು.

ಮಕ್ಕಳ ಮನೋವೈದ್ಯ ಜೇಮ್ಸ್ ಕೋಮರ್ 1968ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದ ಎರಡು ಪ್ರಾಥಮಿಕ ಶಾಲೆಗಳಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ಪೋಷಕರೂ ಶಿಕ್ಷಕರೂ ಆಡಳಿತದವರೂ ಒಂದೇ ತಂಡವಾಗಿ ಕುಳಿತು ಶಾಲೆಯ ಯೋಜನೆ ರೂಪಿಸುತ್ತಿದ್ದರು. ತಪ್ಪು ಯಾರದೆಂದು ಹುಡುಕದೆ ಸಮಸ್ಯೆಯನ್ನು ಬಿಡಿಸುವುದು ಅದರ ಮೂಲ ನಿಯಮಗಳಲ್ಲೊಂದು. ನನ್ನ ಅನುಭವದಲ್ಲಿ ಪಾಲಿಸಲು ಅತ್ಯಂತ ಕಷ್ಟವಾದದ್ದೂ ಇದೇ, ಏಕೆಂದರೆ ಮಗು ಕಲಿಯದಿದ್ದಾಗ ಶಾಲೆ ಮನೆಯನ್ನೂ ಮನೆ ಶಾಲೆಯನ್ನೂ ದೂರುವುದು ಇಬ್ಬರಿಗೂ ಅಭ್ಯಾಸವಾಗಿಹೋಗಿರುತ್ತದೆ.

ಆದ್ದರಿಂದ ದೂರು ಹೇಳುವ ಸಂದರ್ಭ ಬರುವ ಮೊದಲೇ, ವರ್ಷದ ಆರಂಭದಲ್ಲಿ, ಪ್ರತಿ ಮನೆಗೂ ಒಮ್ಮೆ ಸುಮ್ಮನೆ ಪರಿಚಯಕ್ಕಾಗಿ ಹೋಗಿಬರುವಂತೆ ಶಿಕ್ಷಕರನ್ನು ಕೇಳಿಕೊಳ್ಳುತ್ತೇನೆ. ಕೂಲಿ ಕಳೆದುಕೊಳ್ಳದೆ ಬರಲಾಗದ ಹೊತ್ತಿನಲ್ಲಿ ಸಭೆ ಕರೆದು, ಪೋಷಕರು ಬರಲಿಲ್ಲವೆಂದು ಬೇಸರಿಸುವುದು ನ್ಯಾಯವಲ್ಲ. ಹಾಗೆಯೇ ಶಿಕ್ಷಕರ ಕೊರತೆಯನ್ನೋ ಕಟ್ಟಡದ ದುರಸ್ತಿಯನ್ನೋ ಬಡಾವಣೆಯವರ ಹೆಗಲಿಗೆ ಹಾಕುವುದು ಸಹಭಾಗಿತ್ವವಾಗುವುದಿಲ್ಲ. ಅದು ಆಡಳಿತದ ಹೊಣೆ.

ಇನ್ನೊಂದು ಎಚ್ಚರ ಅಗತ್ಯ. ನಂಬಿ ಹೇಳಿದ ಮನೆಯ ಸಂಗತಿ ಶಿಕ್ಷಕರ ಕೊಠಡಿಯ ಮಾತಾದರೆ ಆ ಬಾಗಿಲು ಮತ್ತೆ ತೆರೆಯುವುದಿಲ್ಲ. ಸೋಮವಾರದ ಕಾರಣವನ್ನು ನಾನು ತರಗತಿಯ ಶಿಕ್ಷಕರಿಗೆ ತಿಳಿಸಿದ್ದು ಆ ತಾಯಿಯ ಒಪ್ಪಿಗೆ ಪಡೆದ ಮೇಲೆಯೇ.