ಇಲಿ ಬಿದ್ದ ಮೇಲೆ ಚಿಗಟ ಎಲ್ಲಿಗೆ ಹೋಗುತ್ತದೆ?

ಮೈಸೂರು ಸೀಮೆಯ ಹಳಬರ ಬಾಯಲ್ಲಿ ‘ಇಲಿ ಬಿತ್ತು’ ಎಂದರೆ ಊರು ಬಿಡುವ ಹೊತ್ತು ಬಂತು ಎಂದೇ ಅರ್ಥ. ಹೆಂಚಿನ ಸಂದಿಯಲ್ಲಿ ಅಡಗಿದ್ದ ಇಲಿ ಹಾಡಹಗಲೇ ತೂರಾಡುತ್ತ ಬಂದು ಪಡಸಾಲೆಯಲ್ಲಿ ಸತ್ತು ಬೀಳುತ್ತಿತ್ತು. ಹತ್ತು ಹದಿನೈದು ದಿನ ಕಳೆಯುವುದರೊಳಗೆ ಅದೇ ಮನೆಯಲ್ಲಿ ಯಾರಿಗೋ ಚಳಿಜ್ವರ, ತೊಡೆಸಂದಿಯಲ್ಲಿ ಗಡ್ಡೆ. ರೋಗಾಣುವಿನ ಹೆಸರು ಗೊತ್ತಿಲ್ಲದಿದ್ದರೂ ಜನ ಲೆಕ್ಕ ಸರಿಯಾಗಿಯೇ ಹಾಕಿದ್ದರು: ಪ್ಲೇಗ್ ಮೊದಲು ಇಲಿಯ ಕಾಯಿಲೆ, ಆಮೇಲೆ ಮನುಷ್ಯನದು.

ಆ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅಲೆಕ್ಸಾಂಡ್ರ್ ಯೆರ್ಸಿನ್ ಗುರುತಿಸಿದ. ಇಲಿಯಿಂದ ಮನುಷ್ಯನಿಗೆ ಅದನ್ನು ದಾಟಿಸುವುದು ಚಿಗಟ ಎಂದು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟವನು ಪಾಲ್ ಲೂಯಿ ಸಿಮೋಂ. ಅವನ ಮಾತನ್ನು ನಂಬಲು ವೈದ್ಯಲೋಕ ಕೆಲವು ವರ್ಷ ತೆಗೆದುಕೊಂಡಿತು.

ಚಿಗಟದ ಹೊಟ್ಟೆಯಲ್ಲಿ ನಡೆಯುವುದು ವಿಚಿತ್ರ. ಇಲಿಯ ರಕ್ತದ ಜತೆ ಒಳಹೊಕ್ಕ ರೋಗಾಣುಗಳು ಅಂಟಂಟು ಪದರ ಕಟ್ಟಿಕೊಂಡು, ಜಠರದ ಬಾಯಿಗೆ ಬಿರಡೆಯಂತೆ ಕೂತುಬಿಡುತ್ತವೆ. ಚಿಗಟ ಎಷ್ಟು ಹೀರಿದರೂ ರಕ್ತ ಒಳಗಿಳಿಯುವುದಿಲ್ಲ. ಹಸಿವು ತಾಳದೆ ಮತ್ತೆ ಮತ್ತೆ ಕಚ್ಚುತ್ತದೆ. ಪ್ರತಿ ಸಲವೂ ಒಂದಿಷ್ಟು ರೋಗಾಣು ಗಾಯದೊಳಕ್ಕೆ ವಾಂತಿಯಾಗುತ್ತವೆ. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೆಚ್ಚನೆಯ ಇನ್ನೊಂದು ಮೈ ಹುಡುಕುತ್ತವೆ. ಬೇರೆ ಇಲಿ ಸಿಗದಿದ್ದರೆ ನೆಲದ ಮೇಲೆ ಚಾಪೆ ಹಾಸಿ ಮಲಗಿದವರೇ ಗತಿ. ಬಿಸಿಲು 30 ಡಿಗ್ರಿ ದಾಟಿದರೆ ಈ ಬಿರಡೆ ಸರಿಯಾಗಿ ಕಟ್ಟುವುದಿಲ್ಲ, ಒಣ ಹವೆಗೆ ಚಿಗಟವೂ ಬೇಗ ಸಾಯುತ್ತದೆ. ನಮ್ಮ ತಂಪು ಪ್ರಸ್ಥಭೂಮಿ ಪ್ಲೇಗಿಗೆ ಒಗ್ಗಿದ್ದರ ಗುಟ್ಟು ಇಲ್ಲಿದೆ.

1896ರಲ್ಲಿ ಮುಂಬಯಿಯಲ್ಲಿ ಶುರುವಾದ ಪಿಡುಗು ಹುಬ್ಬಳ್ಳಿ ಕಡೆಯಿಂದ ರೈಲು ಹಿಡಿದು 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂತು; ಮೈಸೂರು, ಶ್ರೀರಂಗಪಟ್ಟಣಗಳಿಗೆ ತಲುಪಲು ಹೆಚ್ಚು ಕಾಲ ಬೇಕಾಗಲಿಲ್ಲ. ಜನ ಊರಾಚೆ ಗುಡಿಸಲು ಹಾಕಿಕೊಂಡರು. ಅದು ಒಳ್ಳೆಯ ಉಪಾಯವೇ, ಇಲಿ ಚಿಗಟ ಎರಡೂ ಹಿಂದೆ ಉಳಿಯುತ್ತಿದ್ದವು. ಕೆಡುತ್ತಿದ್ದದ್ದು ಗಂಟುಮೂಟೆಯಲ್ಲಿ: ಕಂಬಳಿಯ ಮಡಿಕೆಯಲ್ಲಿ, ರಾಗಿ ಮೂಟೆಯ ಗೋಣಿಯಲ್ಲಿ ಚಿಗಟವೂ ಜತೆಗೆ ಬಂದರೆ ಊರು ಬಿಟ್ಟೂ ಬಿಡದಂತೆ. ವಿಜ್ಞಾನಿ ಹಾಫ್‌ಕಿನ್ 1897ರಲ್ಲಿ ಮುಂಬಯಿಯಲ್ಲಿ ಸಿದ್ಧಪಡಿಸಿದ ಪ್ಲೇಗ್ ಲಸಿಕೆಯೂ ಬಂತು, ಮನೆ ತಪಾಸಣೆಯೂ ಬಂತು. ಎರಡಕ್ಕೂ ಜನ ಹೆದರಿದರು. ಅಡುಗೆಮನೆಯವರೆಗೂ ನುಗ್ಗಿ ರೋಗಿಗಳನ್ನು ಎಳೆದೊಯ್ಯುವ ಕ್ರಮದಿಂದ ಕಾಯಿಲೆಯನ್ನು ಬಚ್ಚಿಡುವುದೇ ಹೆಚ್ಚಾಯಿತು ಎಂಬುದು ನನ್ನ ಎಣಿಕೆ.

ಆ ಪ್ಲೇಗಿನ ಗುರುತು ಮೈಸೂರಿನ ನಕಾಶೆಯಲ್ಲಿ ಈಗಲೂ ಇದೆ. 1903ರಲ್ಲಿ ಇಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿತು. ಇಕ್ಕಟ್ಟಿನ ಕೇರಿ ಬಿಡಿಸಿ ಅಗಲವಾದ ರಸ್ತೆ, ಚರಂಡಿ, ಹೊಸ ಬಡಾವಣೆ ಮಾಡಿದ್ದರ ಹಿಂದೆ ಪ್ಲೇಗಿನ ಭಯವೂ ಇತ್ತು. ಹಳೆ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಹಾದುಹೋಗುವ, ಕಸ ಹೊಲಸು ಸಾಗಿಸಲೆಂದು ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳನ್ನು ನೋಡಿದರೆ ಆ ಕಾಲದ ಯೋಚನೆ ಅರ್ಥವಾಗುತ್ತದೆ. ಅಂಥ ಗಲ್ಲಿಗಳಲ್ಲಿ ಕಸ ಸುರಿದರೆ ಹೆಗ್ಗಣಕ್ಕೆ ಅದೇ ಅರಮನೆ, ಆ ಮಾತು ಬೇರೆ.

ಕಾಯಿಲೆ ಹೇಗೆ ಕಾಣುತ್ತದೆ? ಚಿಗಟ ಕಚ್ಚಿದ 2ರಿಂದ 6 ದಿನದಲ್ಲಿ ಇದ್ದಕ್ಕಿದ್ದಂತೆ ನಡುಕದ ಜ್ವರ, ತಲೆನೋವು, ಸುಸ್ತು. ಚಿಗಟ ಹೆಚ್ಚಾಗಿ ಕಾಲಿಗೆ ಕಚ್ಚುವುದರಿಂದ ಗಡ್ಡೆ ಏಳುವುದು ಬಹುಪಾಲು ತೊಡೆಸಂದಿಯಲ್ಲಿ. ಕಂಕುಳು, ಕತ್ತಿನಲ್ಲೂ ಬರಬಹುದು. ನೋವು ಎಷ್ಟೆಂದರೆ ರೋಗಿ ಕಾಲು ಚಾಚುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ನೂರಕ್ಕೆ 30ರಿಂದ 60 ಮಂದಿ ಉಳಿಯುವುದಿಲ್ಲ. ರೋಗಾಣು ಶ್ವಾಸಕೋಶಕ್ಕಿಳಿದರೆ ಚಿಗಟದ ಹಂಗೇ ಬೇಡ, ಕೆಮ್ಮಿನ ತುಂತುರಿನಿಂದಲೇ ಹರಡುತ್ತದೆ. ಆಗ ಕಾಯಿಲೆ ಕಾಣಿಸಿಕೊಂಡ 24 ಗಂಟೆಯೊಳಗೆ ಮದ್ದು ಬೀಳಬೇಕು. ಪೆನ್ಸಿಲಿನ್ ಇದಕ್ಕೆ ನಾಟುವುದಿಲ್ಲ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಾಸಿನ್ ಕೆಲಸ ಮಾಡುತ್ತವೆ. ಮದ್ದು ಶುರುಮಾಡುವ ಮೊದಲು ಗಡ್ಡೆಯಿಂದ ಸೂಜಿಯಲ್ಲಿ ರಸ ತೆಗೆದಿಡಬೇಕು, ಆದರೆ ವರದಿಗೆ ಕಾಯುತ್ತ ಮದ್ದು ತಡಮಾಡಬಾರದು. ಬಣ್ಣ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡು ತುದಿ ಗಾಢವಾಗಿ, ಮುಚ್ಚಿದ ಸೇಫ್ಟಿ ಪಿನ್ನಿನಂತೆ ಕಾಣುವುದೇ ಈ ರೋಗಾಣು.

ಪ್ಲೇಗ್ ಹೋಯಿತೇ? ಕೋಲಾರದ ಮುಳಬಾಗಿಲಿನಲ್ಲಿ 1966ರಲ್ಲಿ ಕಂಡ ಪ್ರಕರಣದ ನಂತರ ದೇಶದಲ್ಲಿ ಸುಮಾರು ಮೂರು ದಶಕ ಸದ್ದಿರಲಿಲ್ಲ. 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲೂ ಸೂರತ್‌ನಲ್ಲೂ ಎದ್ದಿತು. ಸೂರತ್‌ನಲ್ಲಿ ಸತ್ತವರು 50ರ ಆಸುಪಾಸು, ಊರು ಬಿಟ್ಟು ಓಡಿದವರು ಲಕ್ಷಗಟ್ಟಲೆ. 2002ರಲ್ಲಿ ಹಿಮಾಚಲದಲ್ಲಿ, 2004ರಲ್ಲಿ ಉತ್ತರಕಾಶಿಯಲ್ಲಿ ಚಿಕ್ಕದಾಗಿ ಕಾಣಿಸಿಕೊಂಡಿತು. 2017ರಲ್ಲಿ ಮಡಗಾಸ್ಕರ್‌ನಲ್ಲಿ ರೋಗಿಗಳ ಸಂಖ್ಯೆ ಎರಡು ಸಾವಿರ ದಾಟಿತು. ಮನೆ ಇಲಿ ಪ್ಲೇಗ್ ತಗುಲಿದರೆ ಪಟಪಟನೆ ಸಾಯುತ್ತದೆ. ಬಾಲದ ತುದಿಯಲ್ಲಿ ಕಪ್ಪು ಕುಚ್ಚಿರುವ, ಬಯಲಲ್ಲಿ ಬಿಲ ತೋಡುವ ಜರ್ಬಿಲ್ ಎಂಬ ಇಲಿ ಹಾಗಲ್ಲ. ರೋಗಾಣು ಅದರ ಬಿಲಗಳಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಉಳಿಯಬಲ್ಲದು.

ಮಂಡ್ಯದ ಕಬ್ಬಿನ ಗದ್ದೆ ಬದುವಿನಲ್ಲಿ ಒಂದು ಇಲಿ ಸತ್ತಿದ್ದರೆ ಅದು ಪಾಷಾಣ ತಿಂದದ್ದೇ ಇರಬೇಕು. ನಾವು ‘ಇಲಿ ಜ್ವರ’ ಎನ್ನುವ ಲೆಪ್ಟೊಸ್ಪೈರೋಸಿಸ್ ಕೂಡ ಪ್ಲೇಗಲ್ಲ. ಅದು ಇಲಿಯ ಉಚ್ಚೆ ಬೆರೆತ ಗದ್ದೆ ನೀರಿನಿಂದ ಬರುವುದು. ಆದರೆ ಯಾರೂ ವಿಷ ಇಡದೆ ಒಂದೇ ಕೇರಿಯಲ್ಲಿ ನಾಲ್ಕಾರು ಮನೆಗಳಲ್ಲಿ ಇಲಿ ಬಿದ್ದರೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಬರಿಗೈಲಿ ಬಾಲ ಹಿಡಿದು ತಿಪ್ಪೆಗೆ ಎಸೆಯಬಾರದು. ಆಗ ಎಲ್ಲರಿಗೂ ಮೊದಲು ಹೊಳೆಯುವುದು ಇಲಿ ಪಾಷಾಣ. ದೊಡ್ಡ ತಪ್ಪು ಅದೇ: ಒಮ್ಮೆಗೇ ನೂರು ಇಲಿ ಸತ್ತರೆ ಅವುಗಳ ಮೈಮೇಲಿದ್ದ ಚಿಗಟಗಳೆಲ್ಲ ಹಟ್ಟಿಗೆ ಬಂದಂತೆ. ಮೊದಲು ಬಿಲದ ಬಾಯಿಗೆ, ಇಲಿ ಓಡಾಡುವ ಗೋಡೆಯಂಚಿಗೆ ಚಿಗಟ ಸಾಯುವ ಪುಡಿ ಉದುರಿಸಬೇಕು. ಇಲಿಯೇ ಅದನ್ನು ಕಾಲಿಗೆ, ರೋಮಕ್ಕೆ ಮೆತ್ತಿಕೊಂಡು ಬಿಲದೊಳಕ್ಕೆ ಒಯ್ಯುತ್ತದೆ. ಆಮೇಲೆ ಆರೋಗ್ಯ ಸಿಬ್ಬಂದಿ ಬೋನು ಹಾಕಿ ಹಿಡಿದ ಇಲಿಗಳನ್ನು ಬಾಚಿ, ಮೈಮೇಲಿನ ಚಿಗಟ ಎಣಿಸುತ್ತಾರೆ. ಇಲಿಯೊಂದಕ್ಕೆ ಸರಾಸರಿ ಒಂದಕ್ಕಿಂತ ಹೆಚ್ಚು ಇಲಿ ಚಿಗಟ ಸಿಗುತ್ತಿದ್ದರೆ ಪುಡಿಯ ಕೆಲಸ ಇನ್ನೂ ಮುಗಿದಿಲ್ಲ. ಪಾಷಾಣದ ಡಬ್ಬಿ ಅಲ್ಲಿಯವರೆಗೆ ಮುಚ್ಚಿಯೇ ಇರಲಿ.